ಮೆಂಬರ್ ಮೈಮುನಬಿ

ವಾರವೆಲ್ಲ ಮೆಣಸಿನಕಾಯಿ ಬಿಡಿಸಿದ ಕೈ ಶನಿವಾರ ಬ್ಲೀಚಿಂಗ್ ಪೌಡರಿನ ನೀರಿಗೆ ಬಿದ್ದರೆ ಏನಾಗುತ್ತದೆಂದು ಮೈಮುನಬಿಯನ್ನು ಕೇಳಬೇಕು. ಬೆರಳ ಸಂದಿಯ ಚರ್ಮ ಸುಲಿದು ಕೆಂಪಾಗಿತ್ತು. ಅನ್ನ ಕಲಸಿದರೂ ಉರಿ, ಮುಖ ತೊಳೆದರೂ ಉರಿ. ಆದರೂ ಪ್ರತಿ ಶನಿವಾರ ಅವಳು ಕೂಲಿ ಬಿಟ್ಟು, ಕಸಬರಿಗೆ ಹಿಡಿದು ನಮ್ಮೂರ ಸರಕಾರಿ ಶಾಲೆಗೆ ಹೋಗುತ್ತಿದ್ದಳು. ಬೋರಿನಿಂದ ಕೊಡದಲ್ಲಿ ನೀರು ಹೊತ್ತು ತಂದು ಹುಡುಗಿಯರ ಕಕ್ಕಸು ತೊಳೆಯುತ್ತಿದ್ದಳು. ಯಾಕೆಂದು ಯಾರಾದರೂ ಕೇಳಿದರೆ ಸೆರಗು ಸರಿಮಾಡಿಕೊಂಡು, "ನಾ ಸಾಲಿ ಮೆಂಬರ್ ಅದೀನಿ" ಎನ್ನುತ್ತಿದ್ದಳು.

ಸಂಶಿಯಲ್ಲಿ ಬಸ್ಸಿಳಿದು ಟಂಟಂ ಹತ್ತಿ ಬರಬೇಕಾದ ಊರು ನಮ್ಮದು. ಶಾಲೆಗೊಂದು ಎಸ್‌ಡಿಎಂಸಿ ಇದೆ. ಅಂದರೆ ಮಕ್ಕಳ ತಂದೆ ತಾಯಂದಿರೇ ಕೂಡಿ ಶಾಲೆಯ ಮೇಲೆ ಕಣ್ಣಿಡುವ ಸಮಿತಿ. ಕೇಳಲು ಬಹಳ ಚಂದ. ಅದಕ್ಕೆ ಅಧ್ಯಕ್ಷ ಈರಬಸಪ್ಪ ಸಾಹುಕಾರ. ಅವನ ಮಗ ಹೇಮಂತ ದಿನಾ ಮುಂಜಾನೆ ಟೈ ಕಟ್ಟಿಕೊಂಡು ವ್ಯಾನು ಹತ್ತಿ ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ನಮ್ಮ ಶಾಲೆಯಲ್ಲಿ ಅವನ ಹೆಸರಷ್ಟೇ ಇದೆ. ಮಗನ ಹೆಸರಿಲ್ಲದಿದ್ದರೆ ಅಪ್ಪನಿಗೆ ಅಧ್ಯಕ್ಷಗಿರಿ ಇಲ್ಲ. ಹಾಜರಿ ಕರೆಯುವಾಗ ಮಾಸ್ತರರು ಆ ಹೆಸರಿಗೆ ತಾವೇ ಹ್ಞೂಂ ಅಂದುಕೊಂಡು ಮುಂದಕ್ಕೆ ಹೋಗುತ್ತಾರೆ. ಇದು ಊರಿಗೆಲ್ಲ ಗೊತ್ತು. ಅರ್ಧ ಊರು ಅವನ ಹೊಲದಲ್ಲಿ ಕೂಲಿ ಮಾಡುತ್ತದೆ, ಕೇಳುವವರು ಯಾರು?

ಸಮಿತಿಯಲ್ಲಿ ಹೆಂಗಸರಿರಬೇಕು, ಎಲ್ಲ ಜಾತಿಯವರೂ ಇರಬೇಕು ಎಂದು ನಿಯಮವಿದೆ. ಅದಕ್ಕೇ ಹೆಡ್ ಮಾಸ್ತರರು ಹೊಲಕ್ಕೇ ಬಂದು ಮೈಮುನಬಿಯ ಸಹಿ, ಅವಳ ಜೊತೆ ಕೂಲಿಗೆ ಬರುವ ಮರೆವ್ವನ ಹೆಬ್ಬೆಟ್ಟು ತೆಗೆದುಕೊಂಡಿದ್ದರು. ಬದುವಿನ ಮೇಲೆ ನಿಂತಿದ್ದ ಈರಬಸಪ್ಪ ಅಲ್ಲೇ ಹೇಳಿದ.

"ಇನ್ನ ನೀವು ಮೆಂಬರು. ಶನಿವಾರಕ್ಕೊಮ್ಮಿ ಬಂದು ಸಾಲಿ ಸ್ವಚ್ಛ ಮಾಡ್ರಿ. ಮೈಮುನಬಿ ಕಕ್ಕಸ ತೊಳೀಲಿ, ಮರೆವ್ವ ಅಂಗಳ ಹೊಡೀಲಿ. ಇದಕ್ಕ ಶ್ರಮದಾನ ಅಂತಾರ."

ಇಬ್ಬರೂ ನಂಬಿದರು. ಮೆಂಬರ್ ಎಂದರೆ ಕಸಬರಿಗೆ ಹಿಡಿಯುವವರು ಎಂದೇ ತಿಳಿದರು. ಮಾಸ್ತರರಿಗೆ ಗೊತ್ತಿತ್ತು, ಅವರೂ ಬಾಯಿ ಬಿಡಲಿಲ್ಲ.

ಅವಳು ತೊಳೆಯುತ್ತಿದ್ದ ಕಕ್ಕಸಿಗೆ ಬಾಗಿಲೇ ಇರಲಿಲ್ಲ. ಗೋಣಿಚೀಲ ಇಳಿಬಿಟ್ಟಿದ್ದರು. ಅದರ ಬಾಜೂಕ್ಕೇ ಹೊಸ ಕಕ್ಕಸು ಇತ್ತು. ಟೈಲ್ಸು, ನಳ, ಗಟ್ಟಿ ಬಾಗಿಲು, ಒಳಗೊಂದು ಚಿಲಕ. ಹೊರಗೆ ಮಾತ್ರ ಕೀಲಿ. ಕೀಲಿಕೈ ಈರಬಸಪ್ಪನ ಕಿಸೆಯಲ್ಲಿ. ಸಾಹೇಬರು ಬಂದಾಗ ತೆಗೆಯುವುದು, ಹೋದ ಮೇಲೆ ಹಾಕುವುದು.

ಮೈಮುನಬಿಯ ಮಗಳು ತಮನ್ನಾ ಏಳನೆಯ ತರಗತಿ. ದೊಡ್ಡವಳಾದ ಮೇಲೆ ತಿಂಗಳ ಆ ದಿನಗಳಲ್ಲಿ ಅವಳು ಶಾಲೆಗೆ ಹೋಗುತ್ತಿರಲಿಲ್ಲ. ಗೋಣಿಚೀಲದ ಹಿಂದೆ ಹೋಗಿ ಕೂರು ಎಂದು ಹೇಳುವುದು ಯಾವ ತಾಯಿಗೆ ಸಾಧ್ಯ? ಕೊನೆಗೆ ಅಪ್ಪ ಇಮಾಮುದ್ದೀನ ಸಿಟ್ಟಿಗೆದ್ದ.

"ಬಾಗಲಾ ಇಲ್ಲದ ಸಾಲಿಗೆ ಕಳಸೋದು ಸಾಕು. ಸೋಮವಾರದಿಂದ ನಿನ್ನ ಸಂಗಾಟ ಕಾಯಿ ಬಿಡಸಾಕ ಕರ್ಕೊಂಡ ಹೋಗು."

"ಇದೊಂದ ಶನಿವಾರ ತಡೀರಿ. ಮೇಡಂ ಬರ್ತಾರಂತ. ಕೇಳ್ತೀನಿ," ಎಂದಳು ಮೈಮುನಬಿ.

ಮೇಡಂ ಎಂದರೆ ಶಾಲೆ ನೋಡಲು ಬರುವ ಅಧಿಕಾರಿ. ಅವರೆದುರು ಪಾಲಕರ ಸಭೆ ಕೂಡಿಸಬೇಕು, ಸಸಿ ನೆಡಿಸಬೇಕು, ತಾಯಂದಿರೆಲ್ಲ ಹಾರೆ, ಬುಟ್ಟಿ ತರಬೇಕು ಎಂದು ಈರಬಸಪ್ಪ ಡಂಗುರ ಸಾರಿಸಿದ್ದ. ತಾಯಂದಿರು ತಂದರು. ಗಂಡಸರಲ್ಲಿ ಒಬ್ಬನೂ ಗುದ್ದಲಿ ಹಿಡಿಯಲಿಲ್ಲ. ಅವರಿಗೆ ಕುರ್ಚಿ ಹಾಕಿದ್ದರು.

ಮೇಡಂ ಬಂದರು. ಈರಬಸಪ್ಪ ಅವರಿಗೆ ಹೊಸ ಕಕ್ಕಸಿನ ಕೀಲಿ ತೆಗೆಸಿಕೊಟ್ಟ. ಅವರು ಹೊರಬಂದು ಕೈ ಒರೆಸಿಕೊಳ್ಳುತ್ತ, ಬಾಜೂಕ್ಕೆ ಗೋಣಿಚೀಲ ಎತ್ತಿ ತಿಕ್ಕುತ್ತಿದ್ದ ಮೈಮುನಬಿಯನ್ನು ನೋಡಿ ಕೇಳಿದರು.

"ಎಷ್ಟ ಪಗಾರ ಕೊಡ್ತಾರವಾ ನಿನಗ?"

"ಪಗಾರ ಎಲ್ಲೀದ್ರಿ. ನಾ ಸಾಲಿ ಮೆಂಬರ್ ಅದೀನ್ರಿ."

ಮೇಡಂ ನಕ್ಕರು. "ಮೆಂಬರ್ ಅಂದ್ರ ಮೀಟಿಂಗಿನ್ಯಾಗ ಕುರ್ಚಿ ಮ್ಯಾಲೆ ಕುಂತು ಠರಾವು ಮಾಡಾಕಿ, ನಿರ್ಣಯ ಬರಸಾಕಿ. ಅಧ್ಯಕ್ಷರಿಗೂ ಪ್ರಶ್ನೆ ಕೇಳಾಕಿ. ಕಕ್ಕಸ ತೊಳಿಯಾಕಿ ಅಲ್ಲವಾ." ಅಷ್ಟು ಹೇಳಿ ಚಹಾ ಕುಡಿಯಲು ಸಭೆಯತ್ತ ಹೋದರು. ಅದರಲ್ಲಿ ನಗುವಂಥದ್ದೇನಿತ್ತೋ ಅವರಿಗೇ ಗೊತ್ತು.

ಹಿಂದಿನಿಂದ ಈರಬಸಪ್ಪನ ಆಳು ಬಂದು ಮತ್ತೆ ಕೀಲಿ ಹಾಕಿದ. ಮೈಮುನಬಿ ನಿಂತಲ್ಲೇ ನಿಂತಳು. ಉರಿಯುವ ಕೈ ನೋಡಿಕೊಂಡಳು. ಒಂದು ವರ್ಷ. ಆ ಹೆಸರು ಹೇಳಿಕೊಂಡು ಓಣಿಯಲ್ಲಿ ತಲೆಯೆತ್ತಿ ನಡೆದಿದ್ದಳಲ್ಲ, ಆ ನಾಚಿಕೆ ಮೊದಲು ಬಂತು. ಆಮೇಲೆ ಸಿಟ್ಟು ಬಂತು. ಕಸಬರಿಗೆ ಹಿಡಿದೇ ಸಭೆಗೆ ನಡೆದಳು.

ಹೆಂಗಸರು ಜಮಖಾನೆಯ ಮೇಲೆ ಕೂತಿದ್ದರು. ಮೈಮುನಬಿ ನೆಟ್ಟಗೆ ಹೋಗಿ ಅಧ್ಯಕ್ಷನ ಬಾಜೂಕ್ಕಿದ್ದ ಖಾಲಿ ಕುರ್ಚಿಯಲ್ಲಿ ಕೂತಳು. ಹಸಿ ಕಸಬರಿಗೆಯನ್ನು ಮೇಜಿನ ಮೇಲಿಟ್ಟಳು.

"ಏನಿದು ಮೈಮುನಬಿ? ಕಕ್ಕಸ ತೊಳಿಯೂದು ಆತೇನ?" ಎಂದ ಈರಬಸಪ್ಪ.

"ಸಾವ್ಕಾರ್ರ, ಮೆಂಬರು ಕಸಬರಗಿ ಹಿಡಿಯೋದಾದ್ರ ಅಧ್ಯಕ್ಷರು ಏನ ಹಿಡೀಬೇಕ್ರಿ?"

ಜಮಖಾನೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಈರಬಸಪ್ಪನ ಮುಖ ಕಪ್ಪಿಟ್ಟಿತು.

"ಹೊಸಾ ಕಕ್ಕಸದ ಕೀಲಿಕೈ ಕೊಡ್ರಿ. ಹುಡುಗ್ಯಾರು ಹೋಗ್ಲಿ."

"ಹುಡುಗ್ಯಾರು ಹೊಲಸ ಮಾಡ್ತಾರ. ಅದು ಬಂದವರಿಗಂತ ಇಟ್ಟದ್ದು. ಪಾಲಕರ ಸಭಾದಾಗ ಇಂಥಾ ಮಾತು ಬ್ಯಾಡ."

"ಪಾಲಕರ ಸಭಾ ಅಂದ್ರಿ, ಛಲೋ ಆತು." ಅವಳು ಎದ್ದು ನಿಂತಳು. "ನಾ ತಮನ್ನಾನ ತಾಯಿ. ಮುಂದ ಹೇಳ್ರೆವಾ."

ಶಾರದವ್ವ ಎದ್ದಳು. ಅವಳು ಈರಬಸಪ್ಪನ ಮನೆತನದವಳೇ, ಆದರೂ ಅವನ ಹೊಲದಲ್ಲೇ ಕೂಲಿ. "ನಾ ರೋಹಿಣಿ ತಾಯಿ." ಮರೆವ್ವ ಎದ್ದಳು. "ನಾ ಮಂಜುಳಾನ ತಾಯಿ." ಜಮೀಲಾಬಿ ಎದ್ದಳು. "ಆಸೀಫನ ತಾಯಿ." ಜಮಖಾನೆ ಪೂರ್ತಿ ಎದ್ದು ನಿಂತಿತು.

"ಈಗ ನೀವ ಹೇಳ್ರಿ ಸಾವ್ಕಾರ್ರ," ಎಂದಳು ಮೈಮುನಬಿ. "ಈ ಸಾಲ್ಯಾಗ ನೀವು ಯಾರ ಪಾಲಕರ್ರಿ?"

ಮಾಸ್ತರರು ನೆಲ ನೋಡಿದರು. ಮೇಡಂ ಗಡಿಯಾರ ನೋಡಿಕೊಂಡು, "ಇದು ನಿಮ್ಮ ಊರೊಳಗಿನ ವಿಷಯ, ನೀವ ಬಗೆಹರಿಸ್ಕೋರಿ" ಎಂದು ಜೀಪಿನತ್ತ ನಡೆದರು.

ಈರಬಸಪ್ಪ ಎದ್ದ. "ನಾಳಿಂದ ನಿಮ್ಮಾಗ ಒಬ್ಬಾಕಿ ನನ್ನ ಹೊಲದಾಗ ಕಾಲಿಟ್ರ ನೋಡ್ರಿ."

ಅವನ ಹೊಲದ ಹಣ್ಣಾದ ಮೆಣಸಿನಕಾಯಿ ಇನ್ನೂ ಗಿಡದಲ್ಲೇ ಇತ್ತು. ಇನ್ನಷ್ಟು ದಿನ ಬಿಟ್ಟರೆ ಉದುರಿ ಮಣ್ಣಾಗುತ್ತದೆ. ಅದು ಅವನಿಗೂ ಗೊತ್ತು, ಬಿಡಿಸುವವರಿಗೂ ಗೊತ್ತು. ಹೊಟ್ಟೆಯ ಚಿಂತೆ ಎಲ್ಲರಿಗೂ ಇತ್ತು. ಆದರೂ ಮರೆವ್ವ ಅಂದಳು.

"ನೀವ ಬಿಡಿಸ್ಕೋರಿ ಸಾವ್ಕಾರ್ರ. ಅದಕ್ಕ ಶ್ರಮದಾನ ಅಂತಾರ."

ಅವನು ಕೀಲಿಕೈ ಕಿಸೆಯಲ್ಲಿಟ್ಟುಕೊಂಡೇ ಗಾಡಿ ಹತ್ತಿ ಹೋದ. ಸಸಿ ನೆಡಲು ತಂದಿದ್ದ ಹಾರೆಗಳು ಗೋಡೆಗೆ ಒರಗಿದ್ದವು.

"ಹಾರಿ ತರ್ರಿ ಅಂದಿದ್ರಲ್ಲ, ತಂದೇವಿ. ಬರ್ರೆವಾ, ಶ್ರಮದಾನ ಮಾಡೂಣು," ಎಂದಳು ಮೈಮುನಬಿ.

ಎರಡೇ ಏಟಿಗೆ ಕೀಲಿ ಕೆಳಗೆ ಬಿತ್ತು. ಮಾಸ್ತರರು ಓಡಿ ಬಂದರು. "ಏ, ಸರ್ಕಾರಿ ಸ್ವತ್ತದು. ಕೇಸಾಗ್ತದ. ನಾ ಏನಂತ ಬರೀಲಿ?"

ಮೈಮುನಬಿ ಹುಡುಗಿಯರ ಗುಂಪಿನಲ್ಲಿ ನಿಂತಿದ್ದ ಮಗಳ ಭುಜ ಹಿಡಿದು ಹೊಸ ಬಾಗಿಲೊಳಗೆ ಕಳಿಸಿದಳು. ಒಳಗಿನಿಂದ ಚಿಲಕ ಹಾಕಿಕೊಂಡ ಸಪ್ಪಳ ಕೇಳುವ ತನಕ ನಿಂತಳು. ಆಮೇಲೆ ಮಾಸ್ತರರ ಕಡೆ ತಿರುಗಿದಳು.

"ಠರಾವು ಬರೀರಿ ಮಾಸ್ತರ್ರ. ಮೆಂಬರು ಕೀಲಿ ಮುರದಾರ ಅಂತ ಬರೀರಿ. ಸಹಿ ನಾ ಮಾಡ್ತೀನಿ."