ಮೂರನೇ ಅಂತಸ್ತು

ಅರಕಲಗೂಡಿನಲ್ಲಿ ಅಣ್ಣ ಚನ್ನಪ್ಪ, ತಮ್ಮ ಅರುಣ್‌ಕುಮಾರ್ ಅಕ್ಕಪಕ್ಕದಲ್ಲೇ ಮನೆ ಕಟ್ಟಿಸಿದ್ದರು. ಎರಡಕ್ಕೂ ಒಂದೇ ನಕ್ಷೆ, ಎರಡೇ ಅಂತಸ್ತಿಗೆ ಅನುಮತಿ. ಶುಂಠಿಗೆ ಒಳ್ಳೆಯ ಬೆಲೆ ಬಂದ ವರ್ಷ ಅರುಣ್ ಕೆಳಗಿನ ಕಂಬವೊಂದನ್ನು ಒಡೆಸಿ ಅಗಲವಾದ ಅಂಗಡಿ ಮಾಡಿದ. ಯಾರನ್ನೂ ಕೇಳದೆ ಮೇಲೆ ಮೂರನೇ ಅಂತಸ್ತು ಎಬ್ಬಿಸಿದ.

ಅಂದಿನಿಂದ ಚನ್ನಪ್ಪನ ಹೆಂಡತಿ ಸಣ್ಣಕ್ಕನಿಗೆ ಅನ್ನ ರುಚಿಸಲಿಲ್ಲ. ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಓರಗಿತ್ತಿ ಭಾನುಪ್ರಿಯಾ ಮೇಲಿನಿಂದ, "ಅಕ್ಕಾ, ಇಲ್ಲಿ ಗಾಳಿ ಎಂಗ್ ಬೀಸ್ತೈತೆ, ಬಂದ್ ನೋಡು!" ಎಂದು ಕರೆಯುವಳು. ಸಣ್ಣಕ್ಕ ಕೇಳಿಸದವಳಂತೆ ಸೀರೆ ಹಿಂಡುವಳು.

"ನಮ್ದೂ ಒಂದು ಎತ್ತುಸ್ಬಾರ್ದಾ?" ಎಂದು ಗಂಡನನ್ನು ಕೇಳಿದಳು.

"ಪಾಯ ಎರಡಕ್ಕೇ ಆಕಿರೋದು ಕಣೆ. ತಡ್ಯಾಕಿಲ್ಲ."

"ಅವರದ್ ತಡ್ಕಂಡೈತಲ್ಲ?"

"ಇನ್ನೂ ಮಳೆಗಾಲ ಬಂದಿಲ್ಲ."

ಅರುಣ್ ಮನೆಯ ಹೊಸ ಅಂತಸ್ತಿನ ಗೃಹಪ್ರವೇಶಕ್ಕೆಂದು ರಾಮನಾಥಪುರದಿಂದ ಬಂದ ಸಣ್ಣಕ್ಕನ ಸ್ವಂತ ತಾಯಿ, ಉಂಡು ಅಲ್ಲಿನ ತಂಪಿನಲ್ಲೇ ಮಲಗಿಬಿಟ್ಟಳು. ಮಗಳ ಮನೆಯತ್ತ ತಿರುಗಿಯೂ ನೋಡಲಿಲ್ಲ. ಮರುದಿನ ಸಣ್ಣಕ್ಕ ಪಟ್ಟಣ ಪಂಚಾಯಿತಿಗೆ ಹೋಗಿ ದೂರು ಕೊಟ್ಟಳು.

"ಬಿರುಕು ಏನಾದ್ರೂ ನೋಡಿದ್ರಾ?" ಎಂದು ಇಂಜಿನಿಯರ್ ಹಂಸ ಕೇಳಿದಳು.

"ಊಂ, ನೋಡ್ದೆ," ಎಂದು ಸಣ್ಣಕ್ಕ ಸುಳ್ಳು ಹೇಳಿದಳು. "ನನ್ನೆಸ್ರು ಮಾತ್ರ ಯೋಳ್ಬ್ಯಾಡಿ ಮೇಡಂ."

ಹಂಸ ಬಂದು ನೋಡಿದರೆ ಬಿರುಕು ನಿಜವಾಗಿಯೂ ಇತ್ತು. ಅಂಗಡಿಯ ಮೇಲಿನ ತೊಲೆ ಬಗ್ಗಿತ್ತು. ಅರುಣ್ ಕೂಗಾಡಿದರೂ ಹಂಸ ಜಗ್ಗಲಿಲ್ಲ. "ಕಂಬ ತೆಗೆದ್ರೆ ಮೇಲಿನ ಭಾರ ಎಲ್ಲಿಗೆ ಹೋಗ್ಬೇಕು ಹೇಳಿ? ಇವತ್ತೇ ಮನೆ ಖಾಲಿ ಮಾಡಿ," ಎಂದು ಪಟ್ಟು ಹಿಡಿದಳು.

ಚನ್ನಪ್ಪ ತಾನೇ ತಮ್ಮನ ಹಾಸಿಗೆ ಹೊತ್ತು ತಂದ. ಬೀಳಿಸಬೇಕೆಂದಿದ್ದ ಸಿರಿವಂತಿಕೆ ತನ್ನ ನಡುಮನೆಗೇ ಬಂದು ಕೂತಿದ್ದು ಕಂಡು ಸಣ್ಣಕ್ಕ ದಂಗಾದಳು.

ಆ ವಾರವೇ ಜಡಿಮಳೆ ಹಿಡಿಯಿತು. ಒಂದು ಮಧ್ಯಾಹ್ನ ಪಕ್ಕದ ಮನೆಯ ಮುಂಭಾಗವೆಲ್ಲ ಕುಸಿಯಿತು. ಭಾನುಪ್ರಿಯಾಳ ಮಗಳು ಧನ್ಯಾ ಓದುತ್ತಿದ್ದ ಕೋಣೆ ಇಟ್ಟಿಗೆ ರಾಶಿಯಾಯಿತು. ಮನೆಯಲ್ಲಿ ಯಾರೂ ಇರಲಿಲ್ಲ.

ಭಾನುಪ್ರಿಯಾ ಮಗಳನ್ನು ಅವುಚಿಕೊಂಡು ಅತ್ತಳು. "ಕಂಪ್ಲೇಂಟ್ ಕೊಟ್ಟೋರು ಯಾರೋ ಅಕ್ಕಾ, ಅವ್ರ ವಟ್ಟೆ ತಣ್ಣಗಿರ್ಲಿ."

ಸಣ್ಣಕ್ಕ ಧನ್ಯಾಳ ತಲೆ ಸವರಿದಳು.

ಅರುಣ್ ಆಮೇಲೆ ನಕ್ಷೆಯಂತೆ ಎರಡೇ ಅಂತಸ್ತು ಕಟ್ಟಿದ. ಅದು ಮುಗಿಯುವವರೆಗೆ ಎಲ್ಲರೂ ಸಣ್ಣಕ್ಕನ ಮನೆಯಲ್ಲೇ ಇದ್ದರು. ಭಾನುಪ್ರಿಯಾ ಅಡುಗೆಗೆ ನಿಂತ ದಿನ ಚನ್ನಪ್ಪ ಮತ್ತೊಮ್ಮೆ ಮುದ್ದೆ ಹಾಕಿಸಿಕೊಂಡು, "ಉಪ್ಸಾರು ಅಂದ್ರೆ ಇದು ಕಣಮ್ಮ!" ಎಂದ.

ಸಣ್ಣಕ್ಕ ಮರುದಿನದಿಂದ ಒಲೆಯ ಮುಂದೆ ಯಾರನ್ನೂ ಬಿಡಲಿಲ್ಲ.