ಡಬ್ಬಿಯ ಮೇಲಿಟ್ಟ ಕೈ

"ಯಾಮಿನೀ!" ಡಾಕ್ಟರ್ ಜಯಶೀಲ ಮೂರನೆಯ ಸಲ ಕರೆದರು. ಎರಡು ವರ್ಷ ದಾಟಿದ ಹುಡುಗಿ ತಿರುಗಲಿಲ್ಲ. ಕುರ್ಚಿಯ ಕೆಳಗೆ ಕೂತು ಆಟಿಕೆ ಕಾರಿನ ಗಾಲಿಯೊಂದನ್ನೇ ತಿರುವುತ್ತಿದ್ದಳು. ರಸ್ತೆಯಲ್ಲಿ ಕುಲ್ಫಿಯವನ ಗಂಟೆ ಕೇಳಿಸಿದ್ದೇ ತಡ, ತಲೆ ಎತ್ತಿದಳು. ಕಿವಿಗೇನೂ ಆಗಿರಲಿಲ್ಲ.

ಕೂಸಿನ ಜ್ವರಕ್ಕೆ ಔಷಧ ಕೇಳಲು ಬಂದಿದ್ದ ಅಜ್ಜಿ ಬಸವಣ್ಣೆವ್ವ, ಸೊಸೆ ಕಾಂಚನಾಳ ಪಕ್ಕ ತುಟಿ ಬಿಗಿದು ಕೂತಿದ್ದಳು. ಗದಗಿನ ಹೆಂಗಸು, ಬಾಗಿಲ ಕದವನ್ನೂ ಮಾತಾಡಿಸುವ ಪೈಕಿ. ಆದರೆ ಎಂಟು ತಿಂಗಳ ಹಿಂದೆ, ಮುಂಬೈ ಹತ್ತಿರದ ಡೊಂಬಿವಲಿಯ ಇದೇ ದವಾಖಾನೆಯಲ್ಲಿ, ಚುಚ್ಚುಮದ್ದಿನ ದಿನ, ಕೂಸು ಇನ್ನೂ ಒಂದು ಮಾತೂ ಆಡಿಲ್ಲ ಎಂದಾಗ ಡಾಕ್ಟರು, "ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಟೀವಿಯಲ್ಲಿ ಹಿಂದಿ. ಮಗುವಿಗೆ ಗೊಂದಲ ಆಗ್ತದೆ. ಒಂದೇ ಭಾಷೆ ಇಟ್ಟುಕೊಳ್ಳಿ," ಎಂದಿದ್ದರು. ಮುಂದೆ ಶಾಲೆಗಾಗುತ್ತದೆಂದು ಮಗ ಗುರುರಾಜ ಮರಾಠಿಯನ್ನೇ ಆರಿಸಿದ. ಬಸವಣ್ಣೆವ್ವನ ಮರಾಠಿ ತರಕಾರಿ ಮಾರುವ ಭಾಜಿವಾಲಿಯ ಹತ್ತಿರ ಶುರುವಾಗಿ ಅಲ್ಲೇ ಮುಗಿಯುವಂಥದ್ದು. ಅಂದಿನಿಂದ ಮೊಮ್ಮಗಳ ಮುಂದೆ ಬಾಯಿಗೆ ಬೀಗ. ತನ್ನ ಮಾತೇ ಕೂಸಿನ ಮಾತನ್ನು ತಿಂದಿತೆಂಬ ಕೊರಗು ಬೇರೆ.

"ಬೇಕಾದ್ದನ್ನು ಬೆರಳು ಮಾಡಿ ತೋರಿಸ್ತಾಳಾ?" ಡಾಕ್ಟರು ಕೇಳಿದರು.

ಬಸವಣ್ಣೆವ್ವನಿಗೆ ತಡೆಯಲಾಗಲಿಲ್ಲ. "ಬೆರಳ ಯಾಕ್ರಿ ಬಾಯಾರ? ಭಾಳ ಶಾಣ್ಯಾ ಅದಾಳ. ನನ್ನ ಕೈ ಹಿಡದ ಎಳಕೊಂಡ ಹೋಗಿ ಬಿಸ್ಕೀಟ ಡಬ್ಬಿ ಮ್ಯಾಲ ಇಡ್ತಾಳ. ನನ್ನ ಮಾರಿ ಸುದ್ದಾ ನೋಡಂಗಿಲ್ಲ!"

ಹೆಮ್ಮೆಯಿಂದ ಆಡಿದ ಮಾತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಮ್ಮ, ಅವತ್ತೇ ಇದನ್ನು ನಾನು ಕೇಳಬೇಕಿತ್ತು. ಕೇಳದೆ ಭಾಷೆಯ ತಲೆಗೆ ಕಟ್ಟಿದೆ. ತಪ್ಪು ನನ್ನದು. ಕರೆದರೆ ತಿರುಗೋದಿಲ್ಲ, ಬೆರಳು ಮಾಡಿ ತೋರಿಸೋದಿಲ್ಲ, ಮುಖ ನೋಡದೆ ಕೈಯನ್ನೇ ಎಳೀತಾಳೆ; ಇದು ಆಟಿಸಂ ಇರಬಹುದು. ಪಕ್ಕದ ಠಾಣೆ ಶಹರದಲ್ಲಿ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರಿದ್ದಾರೆ. ಚೀಟಿ ಕೊಡ್ತೇನೆ, ಈ ವಾರವೇ ಹೋಗಿ."

ಕಾಂಚನಾಳ ಕಣ್ಣು ತುಂಬಿತು. "ಎಂಟ ತಿಂಗಳ ಸುಮ್ನ ಹೋತಲ್ರಿ ಮ್ಯಾಡಮ್."

"ಹೌದು. ಇನ್ನು ಒಂದು ದಿನವೂ ಕಳೆಯೋದು ಬೇಡ."

ಬಸವಣ್ಣೆವ್ವ ಮೆಲ್ಲಗೆ ಕೇಳಿದಳು: "ಹಂಗಾದ್ರ, ನನ್ನ ಕನ್ನಡದಿಂದ ಆಗಿದ್ದಲ್ಲೇನ್ರಿ?"

"ಅಲ್ಲಮ್ಮ. ನೀವು ಮಾತಾಡಿ. ಎಷ್ಟು ಬೇಕಾದರೂ ಮಾತಾಡಿ."

ಹಗುರಾಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ರಿಕ್ಷಾ ಹಿಡಿದು ಮನೆ ಮುಟ್ಟಿದರು.

ಚಪ್ಪಲಿ ಬಿಡುವಷ್ಟರಲ್ಲಿ ಯಾಮಿನಿ ಅಜ್ಜಿಯ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಮುಖ ನೋಡದೆ ಆ ಕೈಯನ್ನು ಕೆಳಗಿನ ಹಲಗೆಯ ಡಬ್ಬಿಯ ಮೇಲಿಟ್ಟಳು. ದಿನವೂ ಕೂಡಲೇ ಮುಚ್ಚಳ ತೆಗೆಯುತ್ತಿದ್ದ ಬಸವಣ್ಣೆವ್ವ ಇಂದು ತೆಗೆಯಲಿಲ್ಲ. ಕಷ್ಟಪಟ್ಟು ಮೊಣಕಾಲೂರಿ ಅವಳ ಎದುರು ಕೂತಳು.

"ಬಿಸ್ಕೀಟ," ಎಂದಳು. "ಬಿಸ್ಕೀಟ ಬೇಕೇನವ್ವಾ, ನನ್ನ ಬಂಗಾರ?"

ಕೂಸು ಆ ಕೈಯನ್ನು ಮತ್ತೊಮ್ಮೆ ಡಬ್ಬಿಗೆ ಒತ್ತಿತು. ಬಸವಣ್ಣೆವ್ವ ಒಂದು ಬಿಸ್ಕೀಟನ್ನು ಅರ್ಧ ಮುರಿದು ಕೊಟ್ಟು, ಅದರ ಹೆಸರನ್ನು ಮತ್ತೆ ಹೇಳಿದಳು. ಉಳಿದರ್ಧವನ್ನು ತನ್ನ ಕಣ್ಣಿನ ಮಟ್ಟಕ್ಕೆ ಹಿಡಿದುಕೊಂಡು, ಕೂಸು ತನ್ನ ಮುಖ ನೋಡಲೆಂದು ಕಾಯುತ್ತ ಕೂತಳು.