ವಿಷ ಹೊಡೆದ ಗೋಣಿಸೊಪ್ಪು

ಶಾಲೆಯ ಹಿಂಗೋಡೆಯ ಪಕ್ಕದ ಬಯಲೇ ದರ್ಜಿಯವಳ ಅತ್ತೆಗೆ ತರಕಾರಿ ಅಂಗಡಿ. ಮೂವತ್ತು ವರ್ಷದಿಂದ ಅಲ್ಲಿಂದಲೇ ಗೋಣಿಸೊಪ್ಪು ಕಿತ್ತು ತಂದವಳು. ನೆಲಕ್ಕೆ ಅಂಟಿ ಹಬ್ಬುವ ಕೆಂಪು ದಂಟು, ದಪ್ಪ ಎಲೆ, ಬಿಸಿಲಿಗೆ ಬಿರಿಯುವ ಪುಟಾಣಿ ಹಳದಿ ಹೂ. ದಂಟನ್ನು ಬೇಳೆಯ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಿದ್ದಳು. ಎಳೆ ಎಲೆ, ಹೂಗಳನ್ನು ಹಸಿಯಾಗಿಯೇ ಮೊಸರಿಗೆ ಬೆರೆಸುತ್ತಿದ್ದಳು. ಸೊಪ್ಪಿಗೇ ಹುಳಿಯಿರುವಾಗ ಬೇರೆ ಹುಳಿ ಹಿಂಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಆ ದಿನ ಮೊಮ್ಮಗಳು ಎರಡು ತುತ್ತು ತಿಂದಿದ್ದಳಷ್ಟೆ, ಶಾಲೆಯ ಮಾಲಿ ಬಾಗಿಲಿಗೆ ಓಡಿ ಬಂದ.

"ಅಜ್ಜಿ, ಬೆಳಿಗ್ಗೆ ಬಯಲಲ್ಲಿ ಸೊಪ್ಪು ಕಿತ್ರಂತಲ್ಲ, ತಿನ್ಬೇಡಿ. ನಿನ್ನೆ ಕಳೆಗೆ ಔಷಧಿ ಹೊಡ್ದಿದೀವಿ."

ಅತ್ತೆ ತಟ್ಟೆ ಕಸಿದುಕೊಂಡಳು. ಸೊಸೆ ಹೊಲಿಗೆ ಯಂತ್ರ ಬಿಟ್ಟೆದ್ದು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಸಂಜೆವರೆಗೆ ಇಟ್ಟುಕೊಂಡು ನೋಡಿದ ಡಾಕ್ಟರಮ್ಮ, "ಏನೂ ಆಗಿಲ್ಲ, ಕರ್ಕೊಂಡು ಹೋಗಿ" ಎಂದರು. ಸೊಸೆ ಅತ್ತುಬಿಟ್ಟಳು. ಅತ್ತೆಯ ಕಣ್ಣು ಒದ್ದೆಯಾಗಲಿಲ್ಲ, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಉಳಿದ ಸೊಪ್ಪನ್ನು ಒಯ್ದು ಶಾಲೆಯ ಮ್ಯಾನೇಜರನ ಮೇಜಿನ ಮೇಲೆ ಸುರಿದಳು.

"ವಿಷ ಹೊಡೆದ ಮೇಲೆ ಒಂದು ಬೋರ್ಡ್ ಹಾಕೋಕೆ ಏನು ದಾಡಿ ನಿಮಗೆ?"

"ಅದು ಕಳೆ ಕಣಮ್ಮ. ಕಳೆ ಯಾರಾದ್ರೂ ತಿಂತಾರಾ?"

"ನಾವು ತಿಂತೀವಿ. ನೀವು ಗೋಡೆ ಕಟ್ಟೋಕೆ ಮುಂಚಿಂದ್ಲೂ ತಿಂತಿದೀವಿ."

"ಮನುಷ್ಯರಿಗೆ ಅದು ಏನೂ ಮಾಡಲ್ಲ."

"ಹಾಗಾದ್ರೆ ಒಂದೆಲೆ ಬಾಯಿಗೆ ಹಾಕ್ಕೊಳ್ಳಿ. ಕೂತು ನೋಡ್ತೀನಿ."

ಅವನು ಕುರ್ಚಿ ಹಿಂದಕ್ಕೆಳೆದುಕೊಂಡ. "ಬೋರ್ಡ್ ಹಾಕಿಸ್ತೀನಿ, ಹೋಗಿ."

ಬೋರ್ಡ್ ಬಂತು: 'ಅನುಮತಿ ಇಲ್ಲದೆ ಪ್ರವೇಶವಿಲ್ಲ.' ವಿಷದ ಸುದ್ದಿಯೇ ಇಲ್ಲ. ಸೊಸೆ ಓದಿ ಹೇಳಿದಳು. "ಹೋಗ್ಲಿ ಬಿಡಿ ಅತ್ತೆ, ಅವರ ಜಾಗ."

"ಜಾಗ ಅವರದು, ಮಕ್ಕಳು ಯಾರದು? ಆಚೆ ಬೀದಿ ಹೆಂಗಸರು ನಾಳೆ ಕೀಳೋಕೆ ಬರ್ತಾರಲ್ಲ, ಅವ್ರಿಗೆ ಹೇಳೋರು ಯಾರು?"

ಅತ್ತೆ ಮಾಲಿಯ ಹತ್ತಿರ ಕೆಂಪು ಬಣ್ಣ ಕೇಳಿದಳು. ಅವನು ಅತ್ತಿತ್ತ ನೋಡಿ ಡಬ್ಬಿ ಕೊಟ್ಟ. ಅತ್ತೆಗೆ ಅಕ್ಷರ ಬಾರದು. ಬಿಡಿ ಎಂದಿದ್ದ ಸೊಸೆಯೇ ಮೊಳದುದ್ದದ ಅಕ್ಷರಗಳಲ್ಲಿ ಗೋಡೆಯ ಮೇಲೆ ಬರೆದಳು: 'ಇಲ್ಲಿ ವಿಷ ಹೊಡೆದಿದ್ದಾರೆ. ಸೊಪ್ಪು ಕೀಳಬೇಡಿ.'

ಮ್ಯಾನೇಜರ್ ಸುಣ್ಣ ಹೊಡೆಸಿದ. ಇವರು ಮತ್ತೆ ಬರೆದರು. ಅವನು ಮತ್ತೆ ಅಳಿಸಿದ. ಮೂರನೇ ಸಲ ಬರೆಯುವಾಗ ಆಚೆ ಬೀದಿಯ ಹೆಂಗಸರೂ ಬಂದು ನಿಂತರು. ಆ ವಾರವೇ ಬೋರ್ಡ್ ಬದಲಾಯಿತು. ವಿಷ ಎಂಬ ಮಾತು ಅದರಲ್ಲಿ ದೊಡ್ಡದಾಗಿಯೇ ಇತ್ತು.

ಅತ್ತೆಯ ಸಿಟ್ಟು ಮಾತ್ರ ಇಳಿಯಲಿಲ್ಲ. ಈಗ ಸೊಪ್ಪಿಗೆ ರೈಲು ಹಳಿಯಾಚೆಗೆ ಎರಡು ಮೈಲಿ ನಡೆಯಬೇಕು. ಹೋಗುವಾಗೊಮ್ಮೆ ಬರುವಾಗೊಮ್ಮೆ ಶಾಲೆಯ ಗೇಟಿನೆದುರು ನಿಂತು, ಮ್ಯಾನೇಜರನ ಕಿವಿಗೆ ಬೀಳುವಂತೆ ಬೈದೇ ಅವಳು ಮುಂದಕ್ಕೆ ಹೆಜ್ಜೆ ಇಡುತ್ತಿದ್ದಳು.